ನಮ್ಮ ಮಕ್ಕಳು ಯಾರ ಜೊತೆ ಆಡುತ್ತಿದ್ದಾರೆ?

ಬೇಸಿಗೆ ರಜೆ ಬಂತೆಂದರೆ ಸಾಕು, ಪಟ್ಟಣಗಳ ಗೋಡೆಗಳ ಮೇಲೂ ಮೊಬೈಲ್ ಪರದೆಗಳ ಮೇಲೂ ಮಕ್ಕಳ ಶಿಬಿರಗಳ ಜಾಹೀರಾತುಗಳು ರಾರಾಜಿಸತೊಡಗುತ್ತವೆ. ವ್ಯಕ್ತಿತ್ವ ವಿಕಸನ, ನಾಯಕತ್ವ ಗುಣ, ತಂಡ ಮನೋಭಾವ ಎಂಬ ಮೂರು ಪದಗಳು ಅವುಗಳಲ್ಲಿ ತಪ್ಪದೆ ಇರುತ್ತವೆ. ಕಂಪೆನಿಗಳು ತಮ್ಮ ನೌಕರರಿಗಾಗಿ ಏರ್ಪಡಿಸುತ್ತಿದ್ದ 'ಟೀಮ್ ಬಿಲ್ಡಿಂಗ್' ಆಟಗಳು ಇಂದು ಮೂರನೇ ತರಗತಿಯ ಮಗುವಿನವರೆಗೂ ಇಳಿದು ಬಂದಿವೆ. ಹೆತ್ತವರು ಶುಲ್ಕ ತೆತ್ತು ಮಕ್ಕಳನ್ನು ಸೇರಿಸುತ್ತಾರೆ. ಹತ್ತು ದಿನಗಳ ಬಳಿಕ ಮಗು ಒಂದು ಪ್ರಮಾಣಪತ್ರ, ಒಂದು ಟೀ ಶರ್ಟು ಮತ್ತು ಸಾಧ್ಯವಾದರೆ ಒಂದು ಪದಕದೊಂದಿಗೆ ಮನೆಗೆ ಮರಳುತ್ತದೆ. ನಮ್ಮ ಮಗು ಎಲ್ಲರೊಂದಿಗೆ ಬೆರೆಯಲು ಕಲಿಯಿತು ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ.

ನಿಜವಾಗಿ ಕಲಿಯಿತೇ? ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿ, ಒಂದು ಸಾಲಿಗೆ ಕೆಂಪು ಪಟ್ಟಿಯನ್ನೂ ಇನ್ನೊಂದಕ್ಕೆ ನೀಲಿ ಪಟ್ಟಿಯನ್ನೂ ಕಟ್ಟಿದ ಮಾತ್ರಕ್ಕೆ ಅವರಲ್ಲಿ ಸಹಕಾರ ಗುಣ ಬೆಳೆಯುತ್ತದೆಯೇ? ತಂಡ ಎಂದಾಗ ಆ ತಂಡದ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟು ಮಂದಿ ಹೆತ್ತವರು ಕೇಳುತ್ತೇವೆ? ಇದು ಬರಿಯ ಆಟದ ಪ್ರಶ್ನೆಯಲ್ಲ. ನಾವು ಎಂತಹ ಊರುಗಳನ್ನು ಮುಂದಿನ ಪೀಳಿಗೆಗೆ ಬಿಟ್ಟು ಹೋಗಲಿದ್ದೇವೆ ಎಂಬುದರ ಪ್ರಶ್ನೆ.

ಈ ಕುರಿತು ಯೋಚಿಸುವಾಗ ಒಂದು ಪ್ರಯೋಗವನ್ನು ನೆನಪಿಸಿಕೊಳ್ಳಲೇಬೇಕು. ಅದನ್ನು ನಡೆಸಿದವರು ಮುಝಫರ್ ಶೆರಿಫ್. 1906ರಲ್ಲಿ ಇಂದಿನ ತುರ್ಕಿಯ ಒದೆಮಿಶ್‌ನಲ್ಲಿ ಹುಟ್ಟಿ, ಬಳಿಕ ಅಮೇರಿಕದಲ್ಲಿ ನೆಲೆ ನಿಂತ ಮನಃಶಾಸ್ತ್ರಜ್ಞ. ಒಂದನೇ ಮಹಾಯುದ್ಧದ ನಂತರ ತಮ್ಮ ನಾಡಿನಲ್ಲಿ ತುರ್ಕರು ಮತ್ತು ಗ್ರೀಕರ ನಡುವೆ ಹರಿದ ನೆತ್ತರನ್ನು ಬಾಲ್ಯದಲ್ಲೇ ಕಂಡವರು. ನಾಝಿವಾದವನ್ನು ವಿರೋಧಿಸಿ 1944ರಲ್ಲಿ ತುರ್ಕಿಯಲ್ಲಿ ಸೆರೆಮನೆಯನ್ನೂ ಕಂಡವರು. ನಿನ್ನೆಯವರೆಗೆ ಅಕ್ಕಪಕ್ಕದಲ್ಲಿ ಬದುಕಿದ ಜನರು ಇಂದು ಪರಸ್ಪರರನ್ನು ಶತ್ರುಗಳಂತೆ ಕಾಣುವುದೇಕೆ ಎಂಬ ಪ್ರಶ್ನೆ ಅವರನ್ನು ಜೀವನದುದ್ದಕ್ಕೂ ಕಾಡಿತ್ತು. ಅದಕ್ಕೆ ಉತ್ತರ ಹುಡುಕಲು ಅವರು ಆರಿಸಿಕೊಂಡದ್ದು ಮಕ್ಕಳ ಬೇಸಿಗೆ ಶಿಬಿರವನ್ನು.

1954ರ ಬೇಸಿಗೆಯಲ್ಲಿ ಅಮೇರಿಕದ ಒಕ್ಲಹೋಮಾ ರಾಜ್ಯದ ರಾಬರ್ಸ್ ಕೇವ್ ಎಂಬ ಉದ್ಯಾನದಲ್ಲಿ 22 ಬಾಲಕರನ್ನು ಸೇರಿಸಲಾಯಿತು. ಎಲ್ಲರಿಗೂ ಹನ್ನೊಂದು-ಹನ್ನೆರಡರ ಪ್ರಾಯ. ಒಂದೇ ಬಣ್ಣ, ಒಂದೇ ಧರ್ಮ, ಒಂದೇ ಬಗೆಯ ಮಧ್ಯಮ ವರ್ಗದ ಮನೆಗಳು. ಮೊದಲೇ ಪರಿಚಯವಿದ್ದವರು ಯಾರೂ ಇರಲಿಲ್ಲ. ಅವರನ್ನು ತಲಾ ಹನ್ನೊಂದರ ಎರಡು ಗುಂಪು ಮಾಡಿ ಬೇರೆ ಬೇರೆಯಾಗಿ ಇರಿಸಲಾಯಿತು. ಮೊದಲ ವಾರ ಪ್ರತಿ ಗುಂಪು ತನ್ನಷ್ಟಕ್ಕೆ ಈಜಿತು, ದೋಣಿ ಹೊತ್ತಿತು, ಅಡುಗೆ ಮಾಡಿತು, ಒಗ್ಗಟ್ಟಾಯಿತು. ಒಂದು ಗುಂಪು ತನ್ನನ್ನು ಈಗಲ್ಸ್ ಎಂದೂ ಇನ್ನೊಂದು ರ‍್ಯಾಟ್ಲರ್ಸ್ ಎಂದೂ ಕರೆದುಕೊಂಡಿತು. ಹದ್ದು ಒಬ್ಬರ ಲಾಂಛನವಾದರೆ ವಿಷಸರ್ಪ ಇನ್ನೊಬ್ಬರದ್ದು.

ಆ ಬಳಿಕ ಎರಡು ಗುಂಪುಗಳ ನಡುವೆ ಸ್ಪರ್ಧೆ ಏರ್ಪಡಿಸಲಾಯಿತು. ಬೇಸ್‌ಬಾಲ್, ಹಗ್ಗಜಗ್ಗಾಟ, ಡೇರೆ ಹೂಡುವುದು ಇತ್ಯಾದಿ. ಗೆದ್ದವರಿಗೆ ಟ್ರೋಫಿ, ಪದಕ, ಚಾಕು. ಸೋತವರಿಗೆ ಏನೂ ಇಲ್ಲ. ಫಲಿತಾಂಶ ಏನಾಯಿತು ಗೊತ್ತೇ? ಹಗ್ಗಜಗ್ಗಾಟದಲ್ಲಿ ಸೋತ ಈಗಲ್ಸ್ ಗುಂಪು ಎದುರಾಳಿಗಳ ಧ್ವಜವನ್ನು ಸುಟ್ಟಿತು. ರ‍್ಯಾಟ್ಲರ್ಸ್ ಗುಂಪು ಅವರ ಕೋಣೆಗೆ ದಾಳಿ ಮಾಡಿತು. ಬೈಗುಳ, ಮೂದಲಿಕೆ, ಕೈ ಮಿಲಾಯಿಸುವಿಕೆ ಎಲ್ಲವೂ ನಡೆಯಿತು. ಎದುರಿನ ಗುಂಪಿನೊಂದಿಗೆ ಕುಳಿತು ಊಟ ಮಾಡಲೂ ಮಕ್ಕಳು ಒಪ್ಪದಾದರು. ಗಮನಿಸಿ, ಇವರ ನಡುವೆ ಧರ್ಮಭೇದ ಇರಲಿಲ್ಲ, ಭಾಷಾಭೇದ ಇರಲಿಲ್ಲ, ಹಳೆಯ ಜಗಳವೂ ಇರಲಿಲ್ಲ. ಇದ್ದದ್ದು ಎರಡು ಹೆಸರು, ಎರಡು ಧ್ವಜ ಮತ್ತು ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಸಿಗದಂತಹ ಒಂದು ಬಹುಮಾನ. ಇಷ್ಟೇ ಸಾಕಾಯಿತು. ಮಕ್ಕಳ ಶಿಬಿರದಲ್ಲಿ ಕೆಲವೇ ದಿನಗಳಲ್ಲಿ ಕಾಣಿಸಿಕೊಂಡದ್ದನ್ನು ನಾವು ಚುನಾವಣೆ ಹತ್ತಿರವಾದಾಗಲೆಲ್ಲ ನಮ್ಮ ಊರುಗಳಲ್ಲಿ ಕಾಣುತ್ತಿಲ್ಲವೇ? ಜನರನ್ನು ಎರಡು ಬಣಗಳಾಗಿಸಿ, ನಡುವೆ ಒಂದು ಬಹುಮಾನವನ್ನು ತೂಗುಹಾಕುವ ವಿದ್ಯೆ ನಮ್ಮ ರಾಜಕಾರಣಿಗಳಿಗೆ ಯಾವ ಮನಃಶಾಸ್ತ್ರವನ್ನೂ ಓದದೆಯೇ ಕರಗತವಾಗಿದೆ.

ಆದರೆ ಆ ಪ್ರಯೋಗದ ಮುಖ್ಯ ಭಾಗ ಇರುವುದು ಇದರ ಬಳಿಕ. ಹಗೆಯನ್ನು ಹುಟ್ಟಿಸಿದ್ದಾಯಿತು, ಇನ್ನು ಅದನ್ನು ಹೋಗಲಾಡಿಸುವುದು ಹೇಗೆ? ಮೊದಲು ಎರಡೂ ಗುಂಪುಗಳನ್ನು ಒಂದೇ ಕಡೆ ಕೂರಿಸಿ ಚಲನಚಿತ್ರ ತೋರಿಸಲಾಯಿತು, ಒಟ್ಟಿಗೆ ಊಟ ಬಡಿಸಲಾಯಿತು. ಪ್ರಯೋಜನವಾಗಲಿಲ್ಲ. ಮಕ್ಕಳು ತಟ್ಟೆಯಲ್ಲಿದ್ದುದನ್ನು ಪರಸ್ಪರರ ಮೇಲೆ ಎಸೆದಾಡಿದರು. ಆಗ ಶೆರಿಫ್ ಬೇರೆ ದಾರಿ ಹಿಡಿದರು. ಶಿಬಿರಕ್ಕೆ ಬರುವ ನೀರು ನಿಂತುಹೋಗುವಂತೆ ಮಾಡಲಾಯಿತು. ದೋಷ ಎಲ್ಲಿದೆಯೆಂದು ಎರಡೂ ಗುಂಪುಗಳು ಸೇರಿ ಹುಡುಕಬೇಕಾಯಿತು. ಮಕ್ಕಳು ಬಯಸಿದ ಚಲನಚಿತ್ರ ತರಿಸಲು ಎರಡೂ ಗುಂಪುಗಳು ಹಣ ಕೂಡಿಸಬೇಕಾಯಿತು. ಕೊನೆಗೆ ಊಟ ತರಬೇಕಾದ ಲಾರಿಯೇ ಕೆಟ್ಟು ನಿಂತಿತು. ಮಕ್ಕಳು ಯಾವ ಹಗ್ಗವನ್ನು ಹಿಡಿದು ಎದುರುಬದುರಾಗಿ ಎಳೆದಿದ್ದರೋ ಅದೇ ಹಗ್ಗವನ್ನು ಲಾರಿಗೆ ಕಟ್ಟಿ ಎಲ್ಲರೂ ಒಂದೇ ದಿಕ್ಕಿಗೆ ಎಳೆದರು. ಇಂತಹ ಕೆಲಸಗಳು ಒಂದರ ಮೇಲೊಂದು ಬಂದಂತೆ ಹಗೆ ಕರಗುತ್ತಾ ಹೋಯಿತು. ಹಿಂದಿರುಗುವ ದಿನ ಒಂದೇ ಬಸ್ಸಿನಲ್ಲಿ ಹೋಗೋಣ ಎಂದು ಮಕ್ಕಳೇ ಕೇಳಿಕೊಂಡರು. ದಾರಿಯಲ್ಲಿ ರ‍್ಯಾಟ್ಲರ್ಸ್ ಗುಂಪಿನವರು ತಾವು ಬಹುಮಾನವಾಗಿ ಪಡೆದಿದ್ದ 5 ಡಾಲರ್‌ನಲ್ಲಿ ಎಲ್ಲರಿಗೂ ಪಾನೀಯ ಕೊಡಿಸಿದರು.

ಹಗ್ಗ ಒಂದೇ, ಮಕ್ಕಳೂ ಅವರೇ. ಬದಲಾದದ್ದು ಎಳೆಯುವ ದಿಕ್ಕು ಮಾತ್ರ. ಈ ಒಂದು ಸತ್ಯವನ್ನು ಮಕ್ಕಳಿಗೆ ಆಟ ಆಡಿಸುವ ಪ್ರತಿಯೊಬ್ಬರೂ ಅರಿತುಕೊಳ್ಳಬೇಕಾಗಿದೆ.

ಈ ಪ್ರಯೋಗಕ್ಕೆ ಟೀಕೆಗಳಿಲ್ಲದಿಲ್ಲ. ತಮ್ಮನ್ನು ಪರೀಕ್ಷಿಸಲಾಗುತ್ತಿದೆ ಎಂಬುದು ಮಕ್ಕಳಿಗೆ ತಿಳಿದಿರಲಿಲ್ಲ. ಇಂದು ಅಂತಹ ಪ್ರಯೋಗವನ್ನು ಯಾರೂ ಒಪ್ಪಲಾರರು, ಒಪ್ಪಲೂಬಾರದು. ಆಸ್ಟ್ರೇಲಿಯಾದ ಲೇಖಕಿ ಜೀನಾ ಪೆರಿಯವರು 2018ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ದೊಡ್ಡವರು ಮಕ್ಕಳ ನಡುವೆ ಹೇಗೆ ಜಗಳ ಹಚ್ಚಿದರು ಎಂಬುದನ್ನು ವಿವರವಾಗಿ ತೋರಿಸಿದ್ದಾರೆ. ಆದರೆ ಆ ಚರ್ಚೆಯಲ್ಲಿ ಬೆಳಕಿಗೆ ಬಂದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮಹತ್ವದ್ದು. ಅದಕ್ಕಿಂತ ಒಂದು ವರ್ಷ ಮೊದಲು, 1953ರಲ್ಲಿ, ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲಿ ಶೆರಿಫ್ ಇಂಥದ್ದೇ ಶಿಬಿರ ನಡೆಸಿದ್ದರು. ಅಲ್ಲಿ ಮಕ್ಕಳನ್ನು ಗುಂಪುಗಳಾಗಿ ಒಡೆಯುವ ಮೊದಲು ಒಟ್ಟಿಗೆ ಬೆರೆಯಲು ಬಿಡಲಾಗಿತ್ತು. ಅವರು ಗೆಳೆಯರಾಗಿದ್ದರು. ಬಳಿಕ ಒಡೆದು ಎಷ್ಟು ಕೆಣಕಿದರೂ ಮಕ್ಕಳು ನಿರೀಕ್ಷಿಸಿದಂತೆ ಶತ್ರುಗಳಾಗಲಿಲ್ಲ. ಇದರ ಹಿಂದೆ ದೊಡ್ಡವರದ್ದೇ ಕೈವಾಡ ಇದೆಯೆಂದು ಶಂಕಿಸಿದರು. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ವಿಜ್ಞಾನಿಯ ಪಾಲಿಗೆ ಅದು ಸೋಲು. ಆದರೆ ಹೆತ್ತವರ ಪಾಲಿಗೆ ಇದಕ್ಕಿಂತ ದೊಡ್ಡ ಶುಭವಾರ್ತೆ ಇನ್ನೇನಿದೆ? ಮೊದಲು ಗೆಳೆಯರಾದ ಮಕ್ಕಳನ್ನು ಆಮೇಲೆ ಒಡೆಯುವುದು ಅಷ್ಟು ಸುಲಭವಲ್ಲ.

ಈಗ ನಮ್ಮ ಪಟ್ಟಣಗಳತ್ತ ತಿರುಗೋಣ. ನಮ್ಮ ಮಕ್ಕಳು ಯಾರೊಂದಿಗೆ ಮೊದಲು ಗೆಳೆಯರಾಗುತ್ತಿದ್ದಾರೆ? ನಮ್ಮ ಮೊಹಲ್ಲಾದ ಮಕ್ಕಳು ಮೊಹಲ್ಲಾದಲ್ಲೇ ಆಡುತ್ತಾರೆ, ಆಚೆ ಬೀದಿಯ ಮಕ್ಕಳು ಆಚೆ ಬೀದಿಯಲ್ಲೇ ಆಡುತ್ತಾರೆ. ಬೆಳಿಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್, ನಡುವೆ ಶಾಲಾ ವ್ಯಾನು. ಹಲವೆಡೆ ಶಾಲೆಗಳೂ ಸಮುದಾಯವಾರು ಹಂಚಿಹೋಗಿವೆ. ಅವರವರ ಆಡಳಿತ ಮಂಡಳಿ, ಅವರವರ ಮಕ್ಕಳು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕೆಂದು ಹೇಳುತ್ತದೆ. ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೇ ವಿಧಿಯು ಆಟವನ್ನು ಮಗುವಿನ ಹಕ್ಕೆಂದು ಸಾರುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಆದರೆ ಪಟ್ಟಣಗಳಲ್ಲಿ ಖಾಲಿ ನಿವೇಶನಗಳು ಒಂದೊಂದಾಗಿ ಕಟ್ಟಡಗಳಾಗುತ್ತಿವೆ. ಹಿಂದೆ ಯಾರ ಅನುಮತಿಯೂ ಇಲ್ಲದೆ ಎಲ್ಲ ಮನೆಗಳ ಮಕ್ಕಳು ಸೇರುತ್ತಿದ್ದ ಜಾಗಗಳು ಅವು. ಅಲ್ಲಿ ಲಗೋರಿಯ ಕಲ್ಲು ಜೋಡಿಸುವಾಗ ಪಕ್ಕದಲ್ಲಿದ್ದವನ ಹೆಸರು ಯಾವ ಧರ್ಮದ್ದು ಎಂದು ಮಕ್ಕಳು ಕೇಳುತ್ತಿರಲಿಲ್ಲ. ಚೆಂಡು ಬರುತ್ತಿದೆಯೇ ಎಂದಷ್ಟೇ ಕೇಳುತ್ತಿದ್ದರು.

ಹೀಗೆ ಬೆಳೆದ ಮಗು ಹದಿನೆಂಟರ ವಯಸ್ಸಿಗೆ ಬಂದಾಗ ಎದುರು ಬೀದಿಯವನ ಬಗ್ಗೆ ಅದಕ್ಕೆ ಗೊತ್ತಿರುವುದೇನು? ಮೊಬೈಲ್‌ಗೆ ಬಂದ ವೀಡಿಯೋ ಮಾತ್ರ. ಅವನ ಜೊತೆ ಓಡಿದ ನೆನಪಿಲ್ಲ, ಅವನು ಎಸೆದ ಚೆಂಡನ್ನು ಹಿಡಿದ ನೆನಪಿಲ್ಲ, ಬಿದ್ದಾಗ ಅವನು ಕೈಹಿಡಿದು ಎಬ್ಬಿಸಿದ ನೆನಪೂ ಇಲ್ಲ. ಇಂತಹ ಖಾಲಿ ಜಾಗದಲ್ಲಿ ಯಾರು ಬೇಕಾದರೂ ಏನನ್ನು ಬೇಕಾದರೂ ತುಂಬಬಹುದು. ತುಂಬುತ್ತಿದ್ದಾರೆ ಕೂಡ.

ಹಾಗಾದರೆ ಎಂತಹ ಆಟಗಳು ಬೇಕು? ಇಲ್ಲಿ ನಾವು ಎರಡು ಬಗೆಯ ಆಟಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ದುರ್ಬಲರನ್ನು ಹೊರದಬ್ಬುತ್ತಾ ಸಾಗುವ ಆಟ. ಇನ್ನೊಂದು, ದುರ್ಬಲರನ್ನೂ ಅಗತ್ಯವಾಗಿಸುವ ಆಟ. ಶಾಲಾ ವಾರ್ಷಿಕೋತ್ಸವದಲ್ಲೂ ಮದುವೆ ಮನೆಯಲ್ಲೂ ಆಡಿಸುವ ಸಂಗೀತ ಕುರ್ಚಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೊದಲು ಹೊರಹೋಗುವುದು ನಿಧಾನಿ, ಸಂಕೋಚದ, ತಳ್ಳಲು ಅರಿಯದ ಮಗು. ಅಂದರೆ ಆಟ ಯಾರಿಗೆ ಹೆಚ್ಚು ಬೇಕಿತ್ತೋ ಆ ಮಗುವೇ ಮೊದಲು ಗೋಡೆಗೊರಗಿ ನಿಲ್ಲುತ್ತದೆ. ಕೊನೆಗೆ ಉಳಿಯುವ ಒಬ್ಬನು ಕಲಿತದ್ದೇನು? ಇತರರು ಇಲ್ಲವಾದಷ್ಟೂ ತನಗೆ ಲಾಭ ಎಂದಲ್ಲವೇ?

ಕೆನಡಾದ ಟೆರಿ ಆರ್ಲಿಕ್ ಅವರು 1978ರಲ್ಲಿ ಹೊರತಂದ ಸಹಕಾರಿ ಆಟಗಳ ಪುಸ್ತಕದ ಮೂಲಕ ಇದೇ ಆಟದ ಇನ್ನೊಂದು ರೂಪವನ್ನು ಜನಪ್ರಿಯಗೊಳಿಸಿದರು. ಅದರಲ್ಲಿ ಕುರ್ಚಿಗಳು ಕಡಿಮೆಯಾಗುತ್ತವೆ, ಮಕ್ಕಳು ಕಡಿಮೆಯಾಗುವುದಿಲ್ಲ. ಸಂಗೀತ ನಿಂತಾಗ ಉಳಿದಿರುವ ಕುರ್ಚಿಗಳಲ್ಲೇ ಎಲ್ಲರೂ ಹೇಗಾದರೂ ನೆಲೆ ಕಂಡುಕೊಳ್ಳಬೇಕು. ಒಬ್ಬರು ನೆಲಕ್ಕೆ ಬಿದ್ದರೂ ಎಲ್ಲರೂ ಸೋತಂತೆ. ಎಂಟು ಮಕ್ಕಳು ಮೂರು ಕುರ್ಚಿಗಳಲ್ಲಿ ತೂಕ ಹಂಚಿಕೊಂಡು ನಿಲ್ಲಲು ಹೆಣಗುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಕೋಣೆ ಅದೇ, ಕುರ್ಚಿಗಳೂ ಅವೇ, ಆದರೆ ಪಾಠ ತಿರುಗುಮುರುಗು.

ಅಷ್ಟಕ್ಕೂ ನಾವು ಕೆನಡಾದವರೆಗೆ ಹೋಗಬೇಕಾದ ಅಗತ್ಯವೇ ಇಲ್ಲ. ನಮ್ಮ ಖೋ-ಖೋ ಆಟವನ್ನು ನೋಡಿ. ಅಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಸಾಲಾಗಿ, ಒಬ್ಬರು ಅತ್ತ ಒಬ್ಬರು ಇತ್ತ ಮುಖಮಾಡಿ ಕುಳಿತಿರುತ್ತಾರೆ. ಅಟ್ಟುವವನು ಹಿಂದಿರುಗಿ ಓಡುವಂತಿಲ್ಲ, ಸಾಲನ್ನು ನಡುವೆ ದಾಟುವಂತಿಲ್ಲ. ಎಷ್ಟೇ ವೇಗಿಯಾದರೂ ಅವನೊಬ್ಬನಿಂದ ಆಗದು. ಸರಿಯಾದ ಗಳಿಗೆಯಲ್ಲಿ ಕುಳಿತವನ ಬೆನ್ನು ಮುಟ್ಟಿ 'ಖೋ' ಎಂದು ತನ್ನ ಅವಕಾಶವನ್ನು ಅವನಿಗೆ ಬಿಟ್ಟುಕೊಟ್ಟು ತಾನು ಕುಳಿತುಕೊಳ್ಳಬೇಕು. ಬಿಟ್ಟುಕೊಡುವುದನ್ನೇ ಆಟದ ನಿಯಮವಾಗಿಸಿದ ಕ್ರೀಡೆ ಇದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದವು. ಆ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಇನ್ನು ಕಬಡ್ಡಿಯಲ್ಲಿ ಔಟಾದವನು ಶಾಶ್ವತವಾಗಿ ಹೊರಗಿನವನಲ್ಲ. ತನ್ನ ತಂಡದವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಅವನು ಮತ್ತೆ ಅಂಗಣಕ್ಕಿಳಿಯುತ್ತಾನೆ. ನನ್ನ ಸಂಗಾತಿಯ ದುಡಿಮೆಯಿಂದ ನನಗೆ ಮರುಜೀವ. ಲಗೋರಿಯಲ್ಲಿ ಒಬ್ಬನು ಚೆಂಡಿನ ಏಟನ್ನು ತನ್ನತ್ತ ಸೆಳೆಯುತ್ತಾನೆ, ಇನ್ನೊಬ್ಬನು ಆ ಹೊತ್ತಿನಲ್ಲಿ ಕಲ್ಲು ಜೋಡಿಸುತ್ತಾನೆ.

ಮೈದಾನವೇ ಇಲ್ಲದ ಕಡೆ ಮನೆಯ ಅಂಗಳ ಅಥವಾ ತಾರಸಿಯೂ ಸಾಕು. ಒಂದು ಹಳೆಯ ಬೆಡ್‌ಶೀಟಿನ ಅಂಚನ್ನು ಎಂಟು ಮಕ್ಕಳು ಸುತ್ತಲೂ ಹಿಡಿದು, ಮಧ್ಯದಲ್ಲಿ ಚೆಂಡಿಟ್ಟು, ಅದು ನೆಲಕ್ಕೆ ಬೀಳದಂತೆ ಎಷ್ಟು ಬಾರಿ ಚಿಮ್ಮಿಸಬಲ್ಲರು ಎಂದು ಎಣಿಸಲಿ. ಒಬ್ಬರು ಜೋರಾಗಿ ಎಳೆದರೂ ಚೆಂಡು ಹೊರಕ್ಕೆ. ಹತ್ತು ಮಕ್ಕಳಿಗೆ ಆರು ಹಾಳೆ ಹಳೆಯ ಪತ್ರಿಕೆ ಕೊಟ್ಟು, ನೆಲ ಮುಟ್ಟದೆ ಹಾಳೆಗಳ ಮೇಲೆಯೇ ಹೆಜ್ಜೆಯಿಡುತ್ತಾ ಅಂಗಳ ದಾಟಲು ಹೇಳಿ. ಹಿಂದಿನ ಹಾಳೆಯನ್ನು ಮುಂದಕ್ಕೆ ದಾಟಿಸುವ ಉಪಾಯವನ್ನು ಅವರೇ ಕಂಡುಹಿಡಿಯುತ್ತಾರೆ. ಎಲ್ಲರೂ ವೃತ್ತಾಕಾರವಾಗಿ ನಿಂತು, ಎದುರಿನ ಇಬ್ಬರು ಬೇರೆ ಬೇರೆ ಮಕ್ಕಳ ಕೈ ಹಿಡಿದು, ಹಿಡಿತ ಬಿಡದೆ ಆ ಗೋಜಲನ್ನು ಬಿಡಿಸಿಕೊಳ್ಳಲಿ. ಇವಕ್ಕೆ ಶುಲ್ಕವಿಲ್ಲ, ತರಬೇತುದಾರರೂ ಬೇಕಿಲ್ಲ. ದೊಡ್ಡವರು ಮಾಡಬೇಕಾದದ್ದು ಎರಡೇ. ಮಕ್ಕಳು ತಡವರಿಸುವಾಗ ಉತ್ತರ ಹೇಳಿಕೊಡದೆ ಸುಮ್ಮನಿರುವುದು. ಆಟ ಮುಗಿದ ಮೇಲೆ ಕೂರಿಸಿ ಕೇಳುವುದು: ಯಾರ ಉಪಾಯ ಕೆಲಸಕ್ಕೆ ಬಂತು? ಯಾರ ಮಾತನ್ನು ಯಾರೂ ಕೇಳಲಿಲ್ಲ? ಈ ಎರಡನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರವೇ ಆ ದಿನದ ನಿಜವಾದ ಪಾಠ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕಾಗಿದೆ. 11ರಿಂದ 17ರ ಪ್ರಾಯದ ಶಾಲಾ ಮಕ್ಕಳ ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ ಶೇ. 78ರಷ್ಟು ಬಾಲಕರಿಗೂ ಶೇ. 85ರಷ್ಟು ಬಾಲಕಿಯರಿಗೂ ದಿನಕ್ಕೆ ಬೇಕಾದ ಒಂದು ಗಂಟೆಯ ದೈಹಿಕ ಚಟುವಟಿಕೆ ಸಿಗುತ್ತಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಗು ಹತ್ತು ದಾಟುತ್ತಿದ್ದಂತೆ ಆಟ ಮುಗಿಯಿತೆಂದೇ ಅರ್ಥ. ಅಣ್ಣ-ತಮ್ಮಂದಿರು ಕ್ರಿಕೆಟ್ ಬ್ಯಾಟು ಹಿಡಿದು ಹೊರಟರೆ ಅವಳು ಅಡುಗೆಮನೆಗೆ ಅಥವಾ ಮೊಬೈಲಿಗೆ. ಹುಡುಗರ ಜೊತೆ ಆಡಿಸಲು ಮನಸ್ಸಿಲ್ಲವೆಂದಾದರೆ ಹುಡುಗಿಯರಿಗೇ ಜಾಗ, ಸಮಯ ಮತ್ತು ಜೊತೆಗೊಬ್ಬ ಹಿರಿಯ ಮಹಿಳೆಯನ್ನು ಏರ್ಪಾಡು ಮಾಡುವುದು ಅಸಾಧ್ಯವೇ? ಶಾಲೆಯ ಆವರಣ ಭಾನುವಾರ ಖಾಲಿಯಿರುತ್ತದೆ. ಸಮುದಾಯ ಭವನಗಳು ಮದುವೆಯಿಲ್ಲದ ದಿನ ಬೀಗ ಹಾಕಿರುತ್ತವೆ. ಕೊರತೆಯಿರುವುದು ಜಾಗಕ್ಕಲ್ಲ, ಇಚ್ಛೆಗೆ.

ಜಗತ್ತು ಸ್ಪರ್ಧೆಯಿಂದ ಕೂಡಿದೆ, ಮಕ್ಕಳಿಗೆ ಗೆಲ್ಲಲು ಕಲಿಸದೆ ಬರಿಯ ಹೊಂದಾಣಿಕೆ ಕಲಿಸಿದರೆ ಅವರು ಹಿಂದುಳಿಯಲಾರರೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪರೀಕ್ಷೆ, ಸೀಟು, ಉದ್ಯೋಗ ಎಲ್ಲವೂ ಸ್ಪರ್ಧೆಯೇ ಆಗಿರುವಾಗ ಹೆತ್ತವರ ಆತಂಕ ಸಹಜ. ಆದರೆ ಸ್ಪರ್ಧೆಯನ್ನು ನಿಷೇಧಿಸಬೇಕೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಖೋ-ಖೋ, ಕಬಡ್ಡಿಗಳಲ್ಲೂ ಗೆಲುವು-ಸೋಲು ಇದೆ. ಕೇಳಬೇಕಾದದ್ದು, ಸೋತವರನ್ನು ಮಗು ಹೇಗೆ ಕಾಣುತ್ತದೆ, ನಾಳೆ ಅವರೊಂದಿಗೆ ಒಂದೇ ತಂಡದಲ್ಲಿ ಆಡಬಲ್ಲದೇ ಎಂದು. ಅಲ್ಲದೆ ಆಸ್ಪತ್ರೆಯಿಂದ ಹಿಡಿದು ಅಂಗಡಿಯವರೆಗೆ ಯಾವ ದುಡಿಮೆಯೂ ಒಬ್ಬರಿಂದ ನಡೆಯುವುದಿಲ್ಲ. ಗೆಲ್ಲಲು ಮಾತ್ರ ಬಲ್ಲವನು ಅಲ್ಲಿ ಬಹುಕಾಲ ನಿಲ್ಲುವುದೂ ಇಲ್ಲ.

ಇನ್ನೊಂದು ಆಕ್ಷೇಪವಿದೆ, ಇಂದಿನ ವಾತಾವರಣದಲ್ಲಿ ಮಕ್ಕಳನ್ನು ಹೊರಗಿನವರೊಂದಿಗೆ ಆಡಲು ಬಿಡುವುದು ಹೇಗೆ ಎಂದು. ಈ ಭಯಕ್ಕೆ ಕಾರಣಗಳಿವೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಆ ಭಯ ಎರಡೂ ಬೀದಿಗಳಲ್ಲಿದೆ. ಎರಡೂ ಕಡೆಯವರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರೆ ಭಯ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ. ಹೆತ್ತವರು ಮೊದಲು ಮಾತಾಡಿಕೊಂಡು, ಇಬ್ಬರು ಹಿರಿಯರ ಕಣ್ಗಾವಲಿನಲ್ಲಿ, ಹತ್ತು ಮಕ್ಕಳಿಂದ ಆರಂಭಿಸಿದರೂ ಸಾಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಊರಿನ ಯುವಕ ಸಂಘಗಳು ಸ್ವಾತಂತ್ರ್ಯೋತ್ಸವಕ್ಕೋ ಹಬ್ಬಕ್ಕೋ ಪಂದ್ಯಾಟ ಏರ್ಪಡಿಸುವಾಗ ಬೀದಿಗೊಂದು ತಂಡ, ಜಮಾಅತಿಗೊಂದು ತಂಡ ಎಂಬ ಪದ್ಧತಿಯನ್ನು ಮಕ್ಕಳ ವಿಭಾಗದಲ್ಲಾದರೂ ಕೈಬಿಡಲಿ. ಚೀಟಿ ಎತ್ತಿ ಎಲ್ಲ ಬೀದಿಗಳ, ಎಲ್ಲ ಧರ್ಮಗಳ ಮಕ್ಕಳನ್ನು ಬೆರೆಸಿ ತಂಡ ಮಾಡಲಿ. ಪಂದ್ಯಕ್ಕೆ ಒಂದು ವಾರ ಮೊದಲೇ ಆ ತಂಡಗಳು ಒಟ್ಟಿಗೆ ಅಭ್ಯಾಸ ನಡೆಸಲಿ. ನಮ್ಮವರು ನಡೆಸುವ ಶಾಲೆಗಳು ಪಕ್ಕದ ಸರಕಾರಿ ಶಾಲೆಯನ್ನೂ ಇತರ ಸಮುದಾಯಗಳ ಶಾಲೆಯನ್ನೂ ವರ್ಷಕ್ಕೆ ಕೆಲವು ಬಾರಿಯಾದರೂ ತಮ್ಮ ಅಂಗಳಕ್ಕೆ ಆಹ್ವಾನಿಸಲಿ. ಎದುರಾಳಿಗಳಾಗಿ ಅಲ್ಲ, ಬೆರೆತ ತಂಡಗಳಾಗಿ. ಪುರಸಭೆಯ ಸದಸ್ಯರು ಮತ ಕೇಳಿ ಬಂದಾಗ ರಸ್ತೆ, ಚರಂಡಿಯ ಜೊತೆಗೆ ವಾರ್ಡಿನ ಮಕ್ಕಳಿಗೆ ಆಡಲು ಜಾಗ ಎಲ್ಲಿದೆ ಎಂಬ ಪ್ರಶ್ನೆಯನ್ನೂ ನಾವು ಕೇಳಬೇಕು.

ನಾವು ಸೌಹಾರ್ದ ಕೂಟಗಳನ್ನು ನಡೆಸುತ್ತೇವೆ. ವೇದಿಕೆಯಲ್ಲಿ ಎಲ್ಲ ಧರ್ಮಗಳ ಹಿರಿಯರು ಕೂರುತ್ತಾರೆ, ಒಳ್ಳೆಯ ಮಾತಾಡುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ. ಅದು ಬೇಕು, ನಿಲ್ಲಬಾರದು. ಆದರೆ ಅರುವತ್ತರ ವಯಸ್ಸಿನಲ್ಲಿ ವೇದಿಕೆಯ ಮೇಲೆ ಪರಿಚಯವಾಗುವುದಕ್ಕೂ ಆರರ ವಯಸ್ಸಿನಲ್ಲಿ ಧೂಳಿನಲ್ಲಿ ಪರಿಚಯವಾಗುವುದಕ್ಕೂ ವ್ಯತ್ಯಾಸವಿದೆ. ಒಕ್ಲಹೋಮಾದ ಮಕ್ಕಳು ಒಂದೇ ಕಡೆ ಕುಳಿತು ಉಂಡಾಗ ಬದಲಾಗಲಿಲ್ಲ, ಒಟ್ಟಾಗಿ ಹಗ್ಗ ಎಳೆದಾಗ ಬದಲಾದರು. ನಮ್ಮ ಊರಿನ ಮಕ್ಕಳ ಕೈಗೂ ಹಗ್ಗವೊಂದು ಬಂದೇ ಬರುತ್ತದೆ. ಅದನ್ನು ಎದುರುಬದುರಾಗಿ ಎಳೆಸಲು ಕಾದು ಕುಳಿತವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ತಲಪುವ ಮೊದಲು ನಾವು ತಲಪುತ್ತೇವೆಯೇ?